ಗೌಡರನ್ನು ಕುಲುಕದಂತೆ ಕರೆದೊಯ್ದದ್ದು

ಕೆಂಪು ಕಾರಿನ ಕೀ ಧರ್ಮನ ಕೈಗೆ ಬಂದದ್ದು ಗೌಡರು ಸತ್ತ ಮೇಲೆ. ಬದುಕಿರುವಷ್ಟು ಕಾಲ ಶ್ರೀನಾಥಗೌಡರು ಅದನ್ನು ಉಡಿದಾರಕ್ಕೇ ಕಟ್ಟಿಕೊಂಡಿದ್ದರು. ದೋಣಿಗಲ್ಲಿನ ಅವರ ಕಾಫಿ ಎಸ್ಟೇಟಿನಲ್ಲಿ ಧರ್ಮ ಹದಿನೈದು ವರ್ಷದಿಂದ ಜೀಪಿನ ಡ್ರೈವರು. ಕಾರನ್ನು ತೊಳೆಯುವವನು ಧರ್ಮ, ಒರೆಸುವವನು ಧರ್ಮ, ಅದರ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಬೈಸಿಕೊಳ್ಳುವವನೂ ಧರ್ಮನೇ. ಓಡಿಸುವ ಮಾತು ಬಂದರೆ ಮಾತ್ರ ಗೌಡರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಡುತ್ತಿದ್ದರು: "ನಿಂದು ಜೀಪಿನ ಕಾಲು ಕಣೋ. ಕ್ಲಚ್ ತುಳಿಯೋದು ಅಂದ್ರೆ ಗೋಡೆಗೆ ಮಣ್ಣು ತುಳಿದಂಗೆ ಅನ್ಕಂಡಿದೀಯ."

ಕಾರೂ ಅಂಥದ್ದೇ. ಮಂಗಳೂರಿನ ಕಡೆ ರ‍್ಯಾಲಿ ಓಡಿಸುತ್ತಿದ್ದ ಯಾರಿಂದಲೋ ಗೌಡರು ಆಸೆಪಟ್ಟು ಕೊಂಡದ್ದು. ಎರಡೇ ಬಾಗಿಲು, ನೆಲ ಮೂಸುವಷ್ಟು ತಗ್ಗು, ಓಟಕ್ಕೆಂದೇ ತಿದ್ದಿದ ಎಂಜಿನ್ನು. ವೇಗವಾಗಿ ಬಿಟ್ಟರೆ ಬೆಣ್ಣೆ. ನಿಧಾನ ಹೋಗು ಎಂದರೆ ಮೂಗುದಾರ ಜಗ್ಗಿದ ಹೋರಿಯ ಹಾಗೆ ಮುಗ್ಗರಿಸಿ ಮುಗ್ಗರಿಸಿ ನಿಂತುಬಿಡುತ್ತಿತ್ತು.

ಹೋದ ವಾರ ಗೌಡರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದಾಗ ಧರ್ಮ ಕೈಯೊಡ್ಡಿದ್ದ. "ಕಾರಿನ ಕೀ ಕೊಡಿ ಗೌಡ್ರೆ, ಬಿರ್‍ರನೆ ಹೋಗ್ಬುಡಾನ." ಆ ನೋವಿನಲ್ಲೂ ಗೌಡರು ಉಡಿದಾರದ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದರು. ಕೊನೆಗೆ ಜೀಪೇ ಗತಿಯಾಯಿತು. ಹಾಸನದ ಆಸ್ಪತ್ರೆಯ ದಾರಿಯಲ್ಲಿ, ಆಲೂರು ದಾಟುವಾಗ, ಒಂದು ಹೊಂಡಕ್ಕೆ ಜೀಪು ಎಗರಿತು. "ಕುಲುಕಬೇಡ್ವೋ ಧರ್ಮ," ಎಂದರು ಗೌಡರು. ಆಮೇಲೆ ಅವರು ಮಾತಾಡಲೇ ಇಲ್ಲ.

ಆ ಒಂದು ಮಾತು ಧರ್ಮನೊಳಗೆ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಉಣ್ಣಲು ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಹೆಂಡತಿ ವಾಣಿ ಎಷ್ಟೋ ಸಮಾಧಾನ ಹೇಳಿದಳು. "ರಸ್ತೆ ನೀನು ಮಾಡಿದ್ದಾ?" ಎಂದೂ ಕೇಳಿದಳು. ಅವನಿಗೆ ಅದ್ಯಾವುದೂ ಕಿವಿಗೆ ಹೋಗಲಿಲ್ಲ.

ಅಸ್ಥಿ ಬಿಡುವ ದಿನ ಬೆಳಗ್ಗೆ ಗೌಡರ ಒಬ್ಬಳೇ ಮಗಳು ಧನುಶ್ರೀ ಶೆಡ್ಡಿನ ಬಳಿ ಬಂದು ಕೀ ಚಾಚಿದಳು. "ಧರ್ಮಣ್ಣ, ಅಪ್ಪ ಹೊಳೆಗೆ ಕಾರಲ್ಲೇ ಹೋಗ್ಲಿ. ನೀನೇ ಓಡ್ಸು."

"ನಾನಾ? ಬ್ಯಾಡ ಅಮ್ಮಾವ್ರೆ, ಗೌಡ್ರು ಬಯ್ತಾರೆ."

ಬಯ್ಯುವವರು ಈಗ ಇಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿಕೊಂಡರು.

ಧರ್ಮ ಕಾರಿಗೆ ಕೈ ಮುಗಿದು ಹತ್ತಿದ. ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟದ್ದೇ ತಡ, ಕಾರು ಬೆಚ್ಚಿದ ಕಪ್ಪೆಯ ಹಾಗೆ ಒಂದು ನೆಗೆತ ನೆಗೆದು ಅಂಗಳದಲ್ಲಿ ನಿಂತಿತು. ಗೌಡರ ಭಾವಮೈದ ಮಂಜುನಾಥ ಓಡಿ ಬಂದರು. ಇವರಿಗೆ ಸೈಕಲ್ಲೂ ಬಾರದು, ಆದರೆ ಇವರಿಂದ ಪಾಠ ಹೇಳಿಸಿಕೊಳ್ಳದ ಡ್ರೈವರು ಆ ಸುತ್ತಿನಲ್ಲೇ ಇರಲಿಲ್ಲ.

"ಲೋ, ಸತ್ತೋರನ್ನ ಇನ್ನೊಂದ್ಸಲ ಸಾಯಿಸ್ಬುಟ್ಟೀಯ! ಜೀಪಲ್ಲೇ ಹೋಗಾನ ನಡಿ."

"ಇಲ್ಲ ಮಾವ, ಧರ್ಮಣ್ಣನೇ ಓಡಿಸ್ಲಿ," ಎಂದಳು ಧನುಶ್ರೀ.

ಧರ್ಮ ಕಾರಿನಿಂದ ಇಳಿದ. ಅಸ್ಥಿಯ ಗಡಿಗೆಯನ್ನು ಮನೆಯೊಳಗೆ ತರುವಂತಿಲ್ಲ, ಹೊಳೆ ಮುಟ್ಟುವ ತನಕ ನೆಲಕ್ಕೆ ಇಳಿಸುವಂತಿಲ್ಲ. ಹಾಗಾಗಿ ಅದನ್ನು ಕಾಫಿ ಸ್ಟೋರಿನ ಸೂರಿನಡಿ, ಹಳೆ ಬುಟ್ಟಿ, ಹಗ್ಗ, ಅಡುಗೆಯ ಲಿಂಗಮ್ಮನ ಮಡಕೆ ಕುಡಿಕೆಗಳ ಜೊತೆ ನೇತುಹಾಕಿದ್ದರು. ಧರ್ಮ ಹೋಗಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದ ಗಡಿಗೆಯನ್ನು ಬಿಚ್ಚಿಕೊಂಡ. ಕೈ ಗಡಿಗೆಯ ಮೇಲಿತ್ತು, ಕಣ್ಣು ಮನಸ್ಸು ಎರಡೂ ಕಾರಿನ ಕ್ಲಚ್ಚಿನ ಮೇಲಿದ್ದವು. ಎದೆಗವಚಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಎರಡು ಕಡೆ ದಿಂಬು ಒತ್ತಿ, ಬೆಲ್ಟು ಹಾಕಿದ. ಧನುಶ್ರೀ ಹಿಂದಿನ ಇಕ್ಕಟ್ಟಿನಲ್ಲಿ ಮಂಡಿ ಮಡಚಿಕೊಂಡು ಕೂತಳು. ಮಂಜುನಾಥರು ಹಿಂದೆ ಜೀಪಿನಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರವೀಣನ ಪಕ್ಕ.

"ಕುಲುಕಲ್ಲ ಗೌಡ್ರೆ," ಎಂದು ಧರ್ಮ ಗಡಿಗೆಗೆ ಪಿಸುಗುಟ್ಟಿದ. "ಇದೊಂದ್ಸಲ ನೋಡಿ."

ಗೌಡರು ಒಮ್ಮೆ ಸಕಲೇಶಪುರದ ಸಂತೆಬೀದಿಯ ನೂಕುನುಗ್ಗಲಿನಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಳ್ಳಬಾರದು. ಜಾಗ ಬಿಡಬೇಕು. ಮೊದಲನೇ ಗೇರಿನಲ್ಲಿ ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರಿನ ಮೇಲೆ ಪಾದದ ಭಾರವನ್ನಷ್ಟೇ ಇಟ್ಟು ಹರಿಯಲು ಬಿಡಬೇಕು. ಮುಂದಿನವನು ನಿಂತು, ಮತ್ತೆ ಹೊರಡುವಷ್ಟರಲ್ಲಿ ನೀನು ನಿಲ್ಲದೆಯೇ ಅಲ್ಲಿಗೆ ತಲುಪಿರುತ್ತೀಯ. ಎಂಜಿನ್ನನ್ನು ಬೆದರಿಸಬೇಡ, ಮಾತಾಡಿಸು, ಎಂದಿದ್ದರು.

ಗೇಟು ದಾಟಿ ಹೆದ್ದಾರಿಗೆ ಬಂದರೆ ಕಣ್ಣು ಹಾಯುವ ತನಕ ಲಾರಿಗಳ ಸಾಲು. ಮುಂದೆಲ್ಲೋ ಟ್ಯಾಂಕರೊಂದು ಅಡ್ಡ ನಿಂತಿತ್ತಂತೆ. ಇಡೀ ಸಾಲು ಅಜೀರ್ಣವಾದ ಹೆಬ್ಬಾವಿನ ಹಾಗೆ ಒಂದಿಷ್ಟು ತೆವಳಿ ಮಲಗುತ್ತಿತ್ತು. ಜೀವಮಾನವಿಡೀ ಓಡಿಸಬೇಕೆಂದು ಕನಸು ಕಂಡ ಕಾರು ಕೈಗೆ ಬಂದ ದಿನ ಧರ್ಮನಿಗೆ ಎರಡನೇ ಗೇರಿನ ಭಾಗ್ಯವೂ ಇರಲಿಲ್ಲ.

ಆದರೆ ಕಾರು ಹರಿಯಿತು. ಧರ್ಮ ಮುಂದಿನ ಲಾರಿಗೆ ನಾಲ್ಕು ಮಾರು ಜಾಗ ಬಿಟ್ಟು, ಉಸಿರು ಬಿಗಿಹಿಡಿದು, ಕಾಲನ್ನು ಹೂವಿನ ಮೇಲಿಟ್ಟಂತೆ ಇಟ್ಟ. ಗಡಿಗೆ ಕದಲಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿದರು. ಬಿಟ್ಟ ಜಾಗಕ್ಕೆ ಆಟೋ ನುಗ್ಗಿತು. ಅವನು ಮತ್ತೆ ಜಾಗ ಬಿಟ್ಟ, ಬೈಕು ನುಗ್ಗಿತು.

ಮಂಜುನಾಥರಿಗೆ ತಡೆಯಲಾಗಲಿಲ್ಲ. ಜೀಪಿನಿಂದಿಳಿದು ನಡೆದೇ ಬಂದು ಕಾರನ್ನು ಸಲೀಸಾಗಿ ಹಿಂದೆ ಹಾಕಿ, ಕಿಟಕಿಗೆ ತಲೆ ತೂರಿಸಿದರು. "ಯಾಕ್ಲಾ ಜಾಗ ಬಿಡ್ತೀಯ? ದಾನ ಮಾಡಾಕೆ ನಿಮ್ಮಪ್ಪನ ಗದ್ದೆಯಾ? ನುಗ್ಸು!"

"ನುಗ್ಸಿದ್ರೆ ನಿಲ್ಸಬೇಕಾಯ್ತದೆ ಮಂಜಣ್ಣಾರೆ. ನಿಲ್ಸಿದ್ರೆ ಕುಲುಕ್ತದೆ."

"ಕುಲುಕಿದ್ರೆ ಏನಾಯ್ತದೆ? ಬೂದಿಗೆ ಸೊಂಟನೋವು ಬತ್ತದಾ?"

"ಮಾವಾ!" ಎಂದಳು ಧನುಶ್ರೀ. ಅವಳ ದನಿ ಒಡೆದಿತ್ತು. ಮಂಜುನಾಥರು ತಲೆ ಹೊರಗೆಳೆದುಕೊಂಡರು, ಆದರೆ ಪಕ್ಕದಲ್ಲಿ ನಡೆಯುವುದನ್ನು ಬಿಡಲಿಲ್ಲ.

ಬೈಕಿನ ಹುಡುಗರಿಬ್ಬರು ಜೊತೆಗೂಡಿದರು. "ಅಣ್ಣಾ, ಒಂದೇ ಒಂದ್ಸಲ ರೇಸ್ ಮಾಡಣ್ಣಾ, ಸೌಂಡ್ ಕೇಳಾನ!" ಧರ್ಮ ಕತ್ತು ತಿರುಗಿಸಲಿಲ್ಲ. ರಸ್ತೆ ಪಕ್ಕ ಕಿತ್ತಳೆ ಮಾರುತ್ತಿದ್ದ ಮುದುಕ ಬಗ್ಗಿ ಒಳಗೆ ನೋಡಿದ.

"ಜೇನುತುಪ್ಪವಾ? ಭಾರಿ ಜೋಪಾನ ಮಾಡಿದೀಯ. ಯಾರ ತೋಟದ್ದು?"

"ಗೌಡ್ರು," ಎಂದ ಧರ್ಮ.

"ಯಾವ ಗೌಡ್ರ ತೋಟದ್ದು ಮಾರಾಯ?"

"ತೋಟದ್ದಲ್ಲ ಕಣಜ್ಜ. ಗೌಡ್ರೇ."

ಮುದುಕ ಗಡಿಗೆಯನ್ನೂ ಬೆಲ್ಟನ್ನೂ ನೋಡಿದ. ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಕೈ ಮುಗಿದ. ಆಮೇಲೆ ತಾನೇ ರಸ್ತೆಗಿಳಿದು, ಜಾಗಕ್ಕೆ ನುಗ್ಗುತ್ತಿದ್ದ ಇನ್ನೊಂದು ಆಟೋಗೆ ಅಡ್ಡ ನಿಂತ. ಧರ್ಮನ ಕಣ್ಣು ಮಂಜಾಯಿತು.

"ನೋಡಿದ್ರಾ ಗೌಡ್ರೆ," ಎಂದು ಅವನು ಗಡಿಗೆಯ ಜೊತೆ ಮಾತಿಗಿಳಿದ. "ಜೀಪಿನ ಕಾಲು ಅಂತಿದ್ರಿ. ಆವತ್ತು ಬೇಕಂತ ಕುಲುಕಿದ್ದಲ್ಲ ಗೌಡ್ರೆ. ಕಣ್ಣೀರು ಬಂದು ಹೊಂಡ ಕಾಣ್ಲಿಲ್ಲ." ಹದಿನೈದು ವರ್ಷ ಎದುರು ನಿಂತು ಆಡಲಾಗದ ಮಾತನ್ನೆಲ್ಲ ಆಡಿದ. ಹಿಂದೆ ಧನುಶ್ರೀ ಸೆರಗು ಬಾಯಿಗೊತ್ತಿಕೊಂಡು ಕೇಳುತ್ತಿದ್ದಳು.

ಸಕಲೇಶಪುರ ಹತ್ತಿರ ಬಂದಾಗ ಏರು ಸಿಕ್ಕಿತು. ಅಲ್ಲಿ ಮಂಜುನಾಥರು ಉಪಕಾರ ಮಾಡಲು ಹೊರಟರು. ನಡುರಸ್ತೆಗೆ ನುಗ್ಗಿ, ಪೊಲೀಸಿನವರ ಹಾಗೆ ಕೈ ಬೀಸಿ, ಮರದ ದಿಮ್ಮಿ ತುಂಬಿದ ಲಾರಿಯೊಂದನ್ನು ಸೀದಾ ಧರ್ಮನ ಮುಂದಿನ ಜಾಗಕ್ಕೇ ಕರೆತಂದು ನಿಲ್ಲಿಸಿದರು. ಇನ್ನು ಹರಿಯಲು ಜಾಗವಿಲ್ಲ. ಬ್ರೇಕು ಬಿಟ್ಟರೆ ಕಾರು ಹಿಂದಕ್ಕೆ ಜಾರುತ್ತದೆ. ಕ್ಲಚ್ ಪೂರ್ತಿ ಬಿಟ್ಟರೆ ಜಿಗಿಯುತ್ತದೆ. ಕಾರು ಕೆಡುತ್ತದೆಂದು ಗೊತ್ತಿದ್ದೂ ಧರ್ಮ ಕ್ಲಚ್ಚನ್ನು ಅರ್ಧಕ್ಕೆ ಹಿಡಿದ. ಗೌಡರಿದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು. ತೊಡೆ ಸೆಟೆಯಿತು, ಸುಟ್ಟ ವಾಸನೆ ಎದ್ದಿತು. ಕಾರು ಅಂಗುಲ ಅಂಗುಲವಾಗಿ ಏರು ಹತ್ತಿತು. ಗಡಿಗೆ ಮಾತ್ರ ದೇವರ ಮನೆಯ ಕಲಶದಂತೆ ಕೂತಿತ್ತು.

"ಬೆಂಕಿ ಬಿತ್ತು! ಇಳೀರಿ!" ಎಂದು ಮಂಜುನಾಥರು ಕೂಗಿದರು. ಯಾರೂ ಇಳಿಯಲಿಲ್ಲ. ಏರಿನ ನೆತ್ತಿ ದಾಟಿ ಹೊಳೆಯ ಇಳಿಜಾರಿಗೆ ತಿರುಗುವಾಗ ಎಂಜಿನ್ನು ಕೂಗಿತೇ ಹೊರತು ಚಕ್ರಕ್ಕೆ ಸುದ್ದಿ ಮುಟ್ಟಲಿಲ್ಲ. ಕ್ಲಚ್ ಸತ್ತುಹೋಗಿತ್ತು. ಕಾರು ತನ್ನ ಭಾರಕ್ಕೆ ತಾನೇ ಉರುಳಿ, ಹೇಮಾವತಿಯ ದಡದಲ್ಲಿ ತಂತಾನೇ ಮೆಲ್ಲಗೆ ನಿಂತಿತು.

ಪುರೋಹಿತರು ಮಂತ್ರ ಹೇಳಿದರು. ಧನುಶ್ರೀ ಗಡಿಗೆಯ ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿಕೊಂಡು ನೀರಿಗೆ ಸುರಿದಳು. ಬೂದಿ ಕರಗಿತು. ಬಿಳಿಯ ಚಪ್ಪಟೆ ಚೂರುಗಳಷ್ಟೇ ಕೆಲಹೊತ್ತು ತೇಲಿಕೊಂಡು ಹೋದವು. "ಪುಣ್ಯಾತ್ಮ, ಮೂಳೆ ಕೂಡ ಹಗುರ," ಎಂದು ಮಂಜುನಾಥರು ಕಣ್ಣೊರೆಸಿಕೊಂಡರು. ಧರ್ಮ ಮಂಡಿಯುದ್ದ ನೀರಿನಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ.

"ಅಪ್ಪನ್ನ ಒಂದ್ಸಲಾನೂ ಕುಲುಕಿಸ್ಲಿಲ್ಲ ನೀನು," ಎಂದಳು ಧನುಶ್ರೀ, ಅವನ ಭುಜ ಮುಟ್ಟಿ. ಅಷ್ಟು ದಿನದಿಂದ ಕೂತಿದ್ದ ಮುಳ್ಳು ಆಗ ಹೊರಬಂದಂತಾಯಿತು. ಮೆಕ್ಯಾನಿಕ್ ಮಹೇಶ್ ಬಂದು ಕಾರಿನಡಿ ಮಲಗೆದ್ದು, "ಕ್ಲಚ್ ಪ್ಲೇಟೂ ಬೂದಿಯಾಗೈತೆ, ಹೊಸದು ಬರಾಕೆ ತಿಂಗಳಾಯ್ತದೆ" ಎಂದಾಗಲೂ ಅವನಿಗೆ ಬೇಜಾರಾಗಲಿಲ್ಲ. ಎಲ್ಲರೂ ಜೀಪಿನಲ್ಲಿ ಎಸ್ಟೇಟಿಗೆ ಮರಳಿದರು. ಧರ್ಮ ಅಂದು ಎರಡು ತುತ್ತು ಹೆಚ್ಚಿಗೇ ಉಂಡ.

ಊಟದ ಎಲೆ ಎತ್ತುವ ಹೊತ್ತಿಗೆ ಸ್ಟೋರಿನ ಕಡೆಯಿಂದ ಲಿಂಗಮ್ಮನ ಗದ್ದಲ ಕೇಳಿಸಿತು.

"ನನ್ನ ಗಡಿಗೆ ಯಾರು ತಗಂಡ್ರೋ? ಸಿಹಿಗುಂಬಳದ ಬೀಜ, ಹುಳ ಹಿಡೀಬಾರ್ದು ಅಂತ ಒಲೆಬೂದಿ ಬೆರೆಸಿ, ಗೌಡ್ರ ಹಳೇ ಪಂಚೆ ಹರ್ದು ಕಟ್ಟಿದ್ದೆ! ಗೌಡ್ರ ಗಡಿಗೆಗೂ ಅದೇ ಪಂಚೆ ಚೂರು ನಾನೇ ಕಟ್ಟಿಕೊಟ್ಟಿದ್ದು. ಇವರ ಗಡಿಗೆ ಇಲ್ಲೇ ಐತೆ, ನಂದೇ ಇಲ್ಲ!"

ಎಲ್ಲರೂ ಹೊರಗೆ ಬಂದರು. ಸೂರಿನಡಿ, ಹಳೆ ಬುಟ್ಟಿಯ ಪಕ್ಕ, ಬಿಳಿ ಬಟ್ಟೆ ಕಟ್ಟಿಕೊಂಡು ಶ್ರೀನಾಥಗೌಡರು ತಣ್ಣಗೆ ನೇತಾಡುತ್ತಿದ್ದರು. ಧನುಶ್ರೀಗೆ ಮೊದಲು ನಗು ಬಂತು, ಅದು ಅರ್ಧಕ್ಕೇ ಅಳುವಾಯಿತು. ಧರ್ಮ ಮಾತ್ರ ಕಂಬ ಹಿಡಿದು ನಿಂತ. ಆಡಿದ ಅಷ್ಟೂ ಮಾತು ಕುಂಬಳದ ಬೀಜಕ್ಕೆ ಆಡಿದ್ದು. ತೋರಿಸಿದ ಅಷ್ಟೂ ಕೈಚಳಕ ಒಲೆಬೂದಿಗೆ ತೋರಿಸಿದ್ದು. ಗೌಡರು ಏನನ್ನೂ ನೋಡಿರಲಿಲ್ಲ.

"ನಾಳೆ ಮತ್ತೆ ಹೋಗೋಣ ಧರ್ಮಣ್ಣ," ಎಂದಳು ಧನುಶ್ರೀ. "ಏನ್ ಮಾಡೋದು, ಜೀಪೇ ಗತಿ."

ಮರುದಿನ ಗಡಿಗೆ ಅವಳ ಮಡಿಲಲ್ಲಿತ್ತು. ಹೊರಡುವ ಮುಂಚೆ ಧರ್ಮ ಅದಕ್ಕೆ ನಿನ್ನೆಯ ಕತೆಯನ್ನೆಲ್ಲ ಹೇಳಲು ಬಾಯಿ ತೆರೆದ. ಯಾರು ನಂಬುತ್ತಾರೆ ಎನಿಸಿ ಜೀಪು ಹತ್ತಿದ. ಕ್ಲಚ್ಚಿನ ಮೇಲೆ ಕಾಲನ್ನು ಹೂವಿನಂತೆಯೇ ಇಟ್ಟ, ಹೂವಿನಂತೆಯೇ ತೆಗೆದ. ಜೀಪು ಜೀಪೇ. ಗೇಟಿನ ಬಳಿಯ ಹೊಂಡಕ್ಕೆ ಇಳಿದು ಧಡಾರನೆ ಎಗರಿತು, ಗಡಿಗೆ ಧನುಶ್ರೀಯ ಮಡಿಲಿನಿಂದ ಗೇಣುದ್ದ ಮೇಲೆದ್ದು ಕೂತಿತು.

ಧರ್ಮ ತಲೆ ತಗ್ಗಿಸಿದ. "ಬಯ್ಯಿರಿ ಗೌಡ್ರೆ," ಎಂದ, ಮತ್ತು ಉತ್ತರ ಬರಲೆಂದು ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿ ಕಾದ.