ಮೂಳೆಯ ಮೇಲೆ ‘ಕಸ ಹಾಕಬೇಡಿ’

ಅಕ್ಷರ ದುಂಡಗಿದ್ದರೆ ಅರ್ಧ ಕೆಲಸ ಆದಂತೆ ಎಂದು ಸ್ಕೂಲಿನಲ್ಲಿ ಹೇಳಿಕೊಟ್ಟ ಮೇಷ್ಟರು ಈಗೇನಾದರೂ ಕೈಗೆ ಸಿಕ್ಕಿದ್ದರೆ ಪೇಂಟರಕ್ಕ ಅವರನ್ನೇ ಬೆಂಚಿನ ಮೇಲೆ ನಿಲ್ಲಿಸಿಬಿಡುತ್ತಿದ್ದಳು. ಅವಳ ಗಂಡನ ಅಂಗವೈಕಲ್ಯ ಭತ್ಯೆಯ ಅರ್ಜಿ ತಿರಸ್ಕಾರವಾಗಿದ್ದು ಅವನ ಕೈ ನೆಟ್ಟಗಿದೆ ಅಂತಲ್ಲ, ಇವಳ ಅಕ್ಷರ ನೆಟ್ಟಗಿದೆ ಅಂತ.

ಗಂಡ ಬೋರ್ಡು ಬರೆಯುವ ಪೇಂಟರು. ಆ ಲೆಕ್ಕದಲ್ಲೇ ಬೀದಿಯವರೆಲ್ಲ ಇವಳನ್ನು ಪೇಂಟರಕ್ಕ ಅನ್ನುತ್ತಿದ್ದರು (ಇವಳು ಕುಂಚ ಹಿಡಿದದ್ದು ತೊಳೆಯುವುದಕ್ಕೆ ಮಾತ್ರ). ಒಂದು ಬೆಳಗ್ಗೆ ಎರಡನೇ ಮಹಡಿಯ ಎತ್ತರದಲ್ಲಿ ‘ದಂತ ವೈದ್ಯರು’ ಅಂತ ಬರೆಯುತ್ತಿದ್ದಾಗ ಏಣಿ ಜಾರಿತು. ‘ದಂತ ವೈ’ ಮೇಲೆ ಉಳಿಯಿತು, ಪೇಂಟರು ಕೆಳಗೆ ಬಂದ. ಬಲಗೈಯ ಮಣಿಕಟ್ಟು ಮುರಿಯಿತು, ನರ ಜಜ್ಜಿಹೋಯಿತು. ಮೂಳೆ ಕೂಡಿಕೊಂಡಿತು, ಬೆರಳುಗಳು ಮಾತ್ರ ಮಾತು ಕೇಳಲಿಲ್ಲ. ಕುಂಚ ಹಿಡಿದರೆ ಕುಂಚ ಬೀಳುತ್ತಿತ್ತು, ಚಮಚ ಹಿಡಿದರೆ ಚಮಚ. ವಾರಕ್ಕೆ ಮೂರು ಸಲ ಕೈಯ ವ್ಯಾಯಾಮ ಮಾಡಿಸಬೇಕು, ಈ ವರ್ಷ ಬಿಟ್ಟರೆ ಬೆರಳುಗಳು ಮಡಚಿದ್ದು ಮಡಚಿದ ಹಾಗೇ ಕೂತುಬಿಡುತ್ತವೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ವ್ಯಾಯಾಮಕ್ಕೆ ದುಡ್ಡು ಬೇಕು. ಭತ್ಯೆ ಬಂದರೆ ಬೆರಳು, ಬರದಿದ್ದರೆ ಮುಷ್ಟಿ.

ಅರ್ಜಿ ತುಂಬಿದವಳು ಅವಳೇ. ಗಂಡ ಹಿಂದೆ ನಿಂತು ಉಸ್ತುವಾರಿ ಮಾಡಿದ್ದ.

“ಆ ‘ಅ’ನ ಹೊಟ್ಟೆ ಇನ್ನೂ ಸ್ವಲ್ಪ ತುಂಬ್ಲಿ ಕಣೇ. ಹೊಟ್ಟೆಗಿಲ್ಲದವರ ಅಕ್ಷರ ಅನ್ಸಬಾರದು.”

“ರೀ, ನಾವು ಹೊಟ್ಟೆಗಿಲ್ಲ ಅಂತಾನೇ ತಾನೆ ಬರೀತಿರೋದು?”

“ಬರೀ, ಬರೀ. ಬರಿಯೋದನ್ನ ಮರ್ಯಾದೆಯಾಗಿ ಬರೀ.”

ಮರ್ಯಾದೆಯಾಗಿಯೇ ಬರೆದಳು. ‘ಮನೆಯಲ್ಲಿ ದುಡಿಯುವ ಇತರರು’ ಎಂಬಲ್ಲಿ ‘ಯಾರೂ ಇಲ್ಲ’ ಎಂದು ಮುತ್ತು ಪೋಣಿಸಿದ ಹಾಗೆ ಬರೆದಳು (ಇನ್ನೊಬ್ಬರು ದುಡಿದರೆ ಭತ್ಯೆ ಇಲ್ಲ ಅಂತ ಕೆಳಗೇ ಅಚ್ಚಾಗಿತ್ತು). ಆಗ ಅದು ನಿಜವೂ ಆಗಿತ್ತು.

ಎರಡು ತಿಂಗಳಿಗೆ ಉತ್ತರ ಬಂತು. ‘ಅರ್ಜಿದಾರರ ಬರವಣಿಗೆಯನ್ನು ಪರಿಶೀಲಿಸಲಾಗಿ, ಬಲಗೈಯ ಕಾರ್ಯಕ್ಷಮತೆಯು ಅತ್ಯುತ್ತಮವಾಗಿರುವುದು ಕಂಡುಬಂದಿರುತ್ತದೆ. ಅರ್ಜಿಯನ್ನು ತಿರಸ್ಕರಿಸಿದೆ.’

ಪೇಂಟರು ಎರಡು ಸಲ ಓದಿಸಿಕೊಂಡ. “ಅತ್ಯುತ್ತಮ ಅಂದಿದ್ದಾರಲ್ಲೇ!” ಅಂದ. ಅವಳು ಆ ಕಾಗದವನ್ನು ಅವನ ತಲೆಗೆ ಎಸೆಯದೆ ಉಳಿಸಿದ್ದು, ಅದು ಹಗುರ ಅನ್ನುವ ಒಂದೇ ಕಾರಣಕ್ಕೆ.

ಇನ್ನು ಕೂತರೆ ಆಗಲ್ಲ ಅನ್ನಿಸಿ ಅವಳು ಗುಟ್ಟಾಗಿ ಒಂದು ಉದ್ಯಮ ಸ್ಥಾಪಿಸಿದಳು. ಬೀರುವಿನ ಮೇಲಿದ್ದ ಒಂದು ದಪ್ಪ ಕರಿ ಹಾಳೆ ಎಳೆದು, ಬ್ಲೇಡಿನಿಂದ ‘ಕಸ ಹಾಕಬೇಡಿ’ ಅಂತ ಅಚ್ಚು ಕತ್ತರಿಸಿದಳು. ಗೋಡೆಗೆ ಹಿಡಿದು ಸ್ಪಂಜಿನಲ್ಲಿ ಬಣ್ಣ ತಟ್ಟಿದರೆ ಆಯಿತು. ಜಗತ್ತಿನಲ್ಲಿ ಕಸ ಹಾಕುವವರಿಗೆ ಬರವೇ? ಒಂದು ಗೋಡೆಗೆ ಎರಡು ದಿನದ ತರಕಾರಿ ಬರುತ್ತಿತ್ತು. ಕತ್ತರಿಸುವಾಗ ಗಂಡ “ಏ ಇವಳೇ!” ಅಂತ ಕೂಗಿದ್ದಕ್ಕೆ ಬ್ಲೇಡು ಜಾರಿ, ‘ಬೇ’ ಅಕ್ಷರಕ್ಕೆ ಒಂದು ಪುಟ್ಟ ಬಾಲ ಬಂದಿತ್ತು. ಕತ್ತರಿಸಿ ಬಿದ್ದ ಚೂರುಗಳನ್ನು ಒಟ್ಟುಮಾಡಿ, ಅಲ್ಲಾಡುತ್ತಿದ್ದ ಮಂಚದ ಕಾಲಿನ ಕೆಳಗೆ ತುರುಕಿದ್ದಳು.

ಗಂಡನಿಗೆ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಕೈಯಲ್ಲೇ ಬರೆದವನು, ಅಚ್ಚು ಅಂದರೆ ಉರಿದುಬೀಳುವವನು. ಅದಕ್ಕೇ ಪ್ರತಿ ಗೋಡೆಗೂ ಒಂದೇ ನೆಪ: “ಅಕ್ಕನಿಗೆ ಮಂಡಿನೋವು, ಒತ್ತಿಕೊಟ್ಟು ಬರ್ತೀನಿ.” (ಅಕ್ಕನ ಮಂಡಿ ಕಲ್ಲುಗುಂಡಿನ ಹಾಗಿತ್ತು.) ಒಮ್ಮೆ ಇಬ್ಬರೂ ಆಸ್ಪತ್ರೆಗೆ ಹೋಗುವಾಗ ಗಂಡ ಒಂದು ಗೋಡೆಯ ಮುಂದೆ ನಿಂತ.

“ನೋಡೇ ಇಲ್ಲಿ. ಯಾವನೋ ಕೈಲಾಗದವನು ಅಚ್ಚಲ್ಲಿ ಬಡಿದಿದ್ದಾನೆ. ‘ಬೇ’ಗೆ ಬಾಲ ಬೇರೆ! ಅಕ್ಷರಾನಾ ಅದು, ಇಲಿಮರೀನಾ?”

“ಬಿಸಿಲು ರೀ, ನಡೀರಿ,” ಅಂದಳು ಇಲಿಮರಿಯ ತಾಯಿ.

ಹೀಗಿರುವಾಗ, ದುಡ್ಡಿದ್ದ ವಾರ ಮಾತ್ರ ಕಾಣಲು ಹೋಗುತ್ತಿದ್ದ ಆಸ್ಪತ್ರೆಯ ವ್ಯಾಯಾಮದ ಮೇಡಂ ಒಂದು ದಿನ, “ಅಲ್ರೀ, ಮೇಲ್ಮನವಿ ಹಾಕ್ಬೋದಲ್ಲ? ಇನ್ನೂ ಒಂದು ತಿಂಗಳಿದೆ,” ಅಂದರು. ಬೇಕಾದದ್ದು ಎರಡೇ: ನೋಡಿಕೊಳ್ಳುವ ಡಾಕ್ಟರ ಪತ್ರ, ಮತ್ತು ಬಿದ್ದ ದಿನದ ಎಕ್ಸ್‌ರೇ. ಪೇಂಟರಕ್ಕ ಸೆರಗು ಸಿಕ್ಕಿಸಿಕೊಂಡು ಸಾಕ್ಷ್ಯ ಸಂಗ್ರಹಣೆಯ ದಂಡಯಾತ್ರೆಗೆ ಹೊರಟಳು.

ಮೊದಲು ಡಾಕ್ಟರು. ಅವರು ಹಳೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿ ಕನ್ನಡಕ ತೆಗೆದರು.

“ಏನಮ್ಮ ಬರೀಲಿ ನಾನು? ಹನ್ನೊಂದು ಸಲ ಬಂದಿದ್ದಾರೆ. ಹನ್ನೊಂದು ಸಲವೂ ಹೇಗಿದ್ದೀರಿ ಅಂದ್ರೆ ‘ಆರಾಮಾಗಿದೀನಿ ಸಾರ್’ ಅಂದಿದ್ದಾರೆ. ಹಾಗೇ ಬರ್ಕೊಂಡಿದೀನಿ.”

ಅವಳು ಗಂಡನ ಕಡೆ ತಿರುಗಿದಳು. “ರೀ! ಬೆಳಗ್ಗೆ ಅಂಗಿ ಗುಂಡಿ ಹಾಕಿದ್ಯಾರು?”

“ನೀನು.”

“ತುತ್ತು ಕಲಸಿಕೊಟ್ಟಿದ್ಯಾರು?”

“ಅದೆಲ್ಲ ಡಾಕ್ಟರ ಮುಂದೆ ಯಾಕೆ ಈಗ?”

“ಮತ್ತೆ ಇನ್ಯಾರ ಮುಂದೆ ಹೇಳ್ತೀರಿ, ಕ್ಷೌರದವನ ಮುಂದಾ?”

“ಅಲ್ಲ ಕಣೇ, ದೊಡ್ಡೋರು ಹೇಗಿದ್ದೀರಿ ಅಂತ ಕೇಳ್ದಾಗ ಚೆನ್ನಾಗಿಲ್ಲ ಅಂದ್ರೆ ಏನು ಚೆಂದ?”

ಡಾಕ್ಟರು ಪೆನ್ನು ಹಿಡಿದರು. “ಈಗ ಹೇಳಿ ಪೇಂಟರೇ, ಕೈ ಹೇಗಿದೆ?”

ಪೇಂಟರು ಹೆಂಡತಿಯನ್ನು ನೋಡಿದ, ನೆಲ ನೋಡಿದ, ಗೋಡೆಯ ಕ್ಯಾಲೆಂಡರನ್ನೂ ನೋಡಿದ. ಕೊನೆಗೆ, “ಸ್ವಲ್ಪ ಆರಾಮಿಲ್ಲ ಸಾರ್,” ಅಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಗಾಗಿತ್ತು. ಡಾಕ್ಟರು ತಾವೇ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಬಿಟ್ಟು, ಒಂದು ಪುಟ ಪತ್ರ ಬರೆದುಕೊಟ್ಟರು.

ಇನ್ನು ಎಕ್ಸ್‌ರೇ. ಮೂರು ದಿನ ಮನೆ ತಲೆಕೆಳಗಾಯಿತು.

“ನಿಮ್ಮ ಕೈಯದ್ದು ಎಕ್ಸ್‌ರೇ, ನೀವು ತಾನೆ ಜೋಪಾನ ಮಾಡ್ಬೇಕಿತ್ತು! ಮೈಮೇಲೆ ಎಚ್ಚರ ಇಲ್ಲ!”

“ಬೀರು ಮೇಲೇ ಇಟ್ಟಿದ್ದೆ ಕಣೇ.”

“ಮತ್ತೆ ಕಾಲು ಬಂದು ಓಡಿಹೋಯ್ತಾ? ಕೈಯ ಎಕ್ಸ್‌ರೇಗೆ ಕಾಲು ಬಂತಾ?”

ಆಸ್ಪತ್ರೆಯಲ್ಲಿ ಕೇಳಿದರೆ, ಒಂದು ವರ್ಷಕ್ಕಿಂತ ಹಳೆಯದು ಇಡುವುದಿಲ್ಲ ಅಂದರು. ಹೊಸದು ತೆಗೆಸಿದರೆ ಕೂಡಿಕೊಂಡ ಮೂಳೆ ಕಾಣುತ್ತದೆಯೇ ಹೊರತು ಮುರಿತ ಕಾಣುವುದಿಲ್ಲ. ಮೂರನೆಯ ದಿನ, ಗಂಡನನ್ನು ಬೈದು ಬೈದು ಗಂಟಲು ಕಟ್ಟಿದ ಮೇಲೆ, ಪೇಂಟರಕ್ಕ ಹಿತ್ತಲಿನ ಬಕೆಟ್ಟಿನಿಂದ ತನ್ನ ಅಚ್ಚನ್ನು ತೆಗೆದು ಸುಮ್ಮನೆ ಬೆಳಕಿಗೆ ಹಿಡಿದಳು. ಒಣಗಿದ ಬಣ್ಣದ ಹಿಂದೆ ಐದು ಬೆರಳುಗಳ ಬಿಳಿ ಮೂಳೆ ಅವಳನ್ನು ನೋಡಿ ಟಾಟಾ ಮಾಡಿತು.

ತಿರಸ್ಕಾರದ ಕಾಗದ ಬಂದ ದಿನ, ಕೋಪದಲ್ಲಿ ಏನು ಎತ್ತ ಅಂತ ನೋಡದೆ ಎಳೆದುಕೊಂಡ ಹಾಳೆ ಅದು. ಮುರಿತ ಇರಬೇಕಾದ ಜಾಗದಲ್ಲಿ ‘ಕಸ’ದ ‘ಕ’ ತೂತಾಗಿತ್ತು. ಅವಳು ಓಡಿಹೋಗಿ ಮಂಚದ ಕಾಲು ಎತ್ತಿದಳು. ಚೂರುಗಳಿದ್ದವು. ‘ಕ’ ಕೂಡ ಇತ್ತು, ಅದರೊಳಗೆ ಕೂದಲೆಳೆಯ ಮುರಿತವೂ ಇತ್ತು. ಇಷ್ಟು ದಿನ ಪೇಂಟರು ತನ್ನ ಮುರಿದ ಮೂಳೆಯ ಮೇಲೆಯೇ ಗೊರಕೆ ಹೊಡೆದಿದ್ದ.

ಸೀಮೆಎಣ್ಣೆ ಹಾಕಿ ಉಜ್ಜಿದಳು. ಚೂರುಗಳನ್ನು ಟೇಪು ಹಚ್ಚಿ ಕೂರಿಸಿದಳು. ಗಂಡನಿಗೆ, “ಸಿಕ್ತು, ನೀವಿಟ್ಟ ಜಾಗದಲ್ಲೇ ಇತ್ತು,” ಅಂದಳು. ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ. ಅದಕ್ಕೆಲ್ಲ ಸಮಯ ಎಲ್ಲಿತ್ತು?

ಮೇಲ್ಮನವಿ ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ಅದರ ಹಿಂದೆ ಅಧ್ಯಕ್ಷರು. ಅವರು ಡಾಕ್ಟರ ಪತ್ರ ಓದಿ ತಲೆಯಾಡಿಸಿದರು. ಆಮೇಲೆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಎತ್ತಿದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಸೀಮೆಎಣ್ಣೆ ಕುಡಿದ ಟೇಪು ಎಷ್ಟು ಹೊತ್ತು ತಡೆದೀತು? ಚೂರುಗಳು ಒಂದೊಂದಾಗಿ ಉದುರಿದವು. ಅಧ್ಯಕ್ಷರ ಕೈಯಲ್ಲಿ ಉಳಿದದ್ದು ಬೆಳಕು ಬೀರುವ ‘ಕಸ ಹಾಕಬೇಡಿ’.

“ಇದೇನಮ್ಮ?”

“ಎಕ್ಸ್‌ರೇ ಸಾರ್.”

“ಅದು ನನಗೂ ಗೊತ್ತಾಗುತ್ತೆ. ಮೂಳೆ ಮುರಿತ ಎಲ್ಲಿ?”

“ನಿಮ್ಮ ಕಾಲ ಹತ್ರ ಬಿತ್ತು ಸಾರ್.”

ಅವಳು ಮೇಜಿನ ಕೆಳಗೆ ತೆವಳಿ, ಬೂಟುಗಳ ನಡುವಿನಿಂದ ‘ಕ’ವನ್ನು ಹೆಕ್ಕಿ ತಂದು ಕೊಟ್ಟಳು. ಅಧ್ಯಕ್ಷರು ಅದನ್ನು ತೂತಿಗೆ ಹಿಡಿದು ನೋಡಿದರು. ಸರಿಯಾಗಿ ಕೂತಿತು.

“ಅದಿರಲಿ, ಎಷ್ಟು ನಾಜೂಕಾಗಿ ಕತ್ತರಿಸಿದ್ದಾರೆ! ಯಾರಿದು?”

ಪೇಂಟರು ಹಾಳೆಯನ್ನೇ ದಿಟ್ಟಿಸುತ್ತಿದ್ದ. ‘ಬೇ’ಯ ಬಾಲದ ಮೇಲೆ ಅವನ ಕಣ್ಣು ನಿಂತಿತು. ಹೆಂಡತಿಯ ಮುಖ ನೋಡಿದ. ಹೊರಗಿನವರ ಮುಂದೆ ಹೆಂಡತಿಯ ದುಡಿಮೆಯಲ್ಲಿ ಉಣ್ಣುವವನು ಅನ್ನಿಸಿಕೊಳ್ಳುವುದೇ? ಬೆನ್ನು ನೆಟ್ಟಗೆ ಮಾಡಿ, “ನಾನೇ ಸಾರ್,” ಅಂದುಬಿಟ್ಟ.

“ಬಿದ್ದ ಮೇಲೆ?” ಅಧ್ಯಕ್ಷರ ಪೆನ್ನು ಎದ್ದಿತು.

“ಸುಳ್ಳು ಸಾರ್!” ಪೇಂಟರಕ್ಕ ಚೀರಿದಳು. “ನಾನು ಕತ್ತರಿಸಿದ್ದು! ನಮ್ಮ ಗೇಟ್ ಹತ್ರ ಕಸ ಹಾಕ್ತಾರೆ ಅಂತ!”

“ಇವಳಿಗೆ ಬ್ಲೇಡ್ ಹಿಡಿಯೋಕೇ ಬರಲ್ಲ ಸಾರ್.”

“ನಿಮಗೆ ಚಮಚ ಹಿಡಿಯೋಕೇ ಬರಲ್ಲ!”

“ಸಾಕು!” ಅಂದರು ಅಧ್ಯಕ್ಷರು. ಒಂದು ಹಾಳೆ, ಒಂದು ಕತ್ತರಿ ಮುಂದಿಟ್ಟರು. “ಪೇಂಟರೇ, ಒಂದು ಗೆರೆ ಕತ್ತರಿಸಿ.”

ಪೇಂಟರು ಹೆಬ್ಬೆರಳನ್ನು ಕತ್ತರಿಯ ಕಣ್ಣಿಗೆ ತೂರಿಸಿದ. ಉಳಿದ ಬೆರಳುಗಳು ಬರಲಿಲ್ಲ. ಎಡಗೈಯಿಂದ ಅವನ್ನು ಒಂದೊಂದಾಗಿ ಹಿಡಿದು ತಂದು ಕೂರಿಸಿದ. ಕತ್ತರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೆಯ ಸಲ ಅದು ಹೆಬ್ಬೆರಳಿಗೆ ಸಿಕ್ಕಿ ನೇತಾಡಿತು. ಹಾಳೆಯ ಮೇಲೆ ಒಂದು ಗೀರೂ ಬೀಳಲಿಲ್ಲ.

“ಇವತ್ತು ಸ್ವಲ್ಪ ಚಳಿ ಸಾರ್,” ಅಂದ. ಅವನ ಹಣೆಯಿಂದ ಬೆವರು ಆ ಹಾಳೆಯ ಮೇಲೆ ತೊಟ್ಟಿಕ್ಕಿತು.

ಅಧ್ಯಕ್ಷರು ಬಹಳ ಹೊತ್ತು ಬರೆದರು. “ಎಕ್ಸ್‌ರೇ ಇಲ್ಲೇ ಇರಲಿ. ಹದಿನೈದು ದಿನ ಬಿಟ್ಟು ಬನ್ನಿ.”

ದಾರಿಯುದ್ದಕ್ಕೂ ಪೇಂಟರು ಗೋಡೆಗಳ ಮೇಲೆ ಬಾಲವಿದ್ದ ‘ಬೇ’ಗಳನ್ನು ಎಣಿಸಿಕೊಂಡು ಬಂದ. ಮನೆಯ ತಿರುವಿಗೆ ಬಂದಾಗ, ಮುಂದೆ ನೋಡಿಕೊಂಡೇ ಅಂದ: “ಹನ್ನೆರಡು ಗೋಡೆ. ಅಂದ್ರೆ ಹನ್ನೆರಡು ಸಲ ನಿಮ್ಮಕ್ಕನಿಗೆ ಮಂಡಿನೋವು ಬಂತು.” ಅವಳು ಬೀಗದಕೈ ಹುಡುಕುತ್ತಾ ಬಿರಬಿರನೆ ಮುಂದೆ ನಡೆದಳು.

ಹದಿನೈದು ದಿನ ಬಿಟ್ಟು ಹೋದರು. ಗುಮಾಸ್ತ ಒಳ್ಳೆಯವನು, ಕೂರಿಸಿ ಮಾತಾಡಿಸಿದ.

“ಸಾಹೇಬರು ಭತ್ಯೆ ಕೊಡಬಹುದು ಅಂತ ಬರೆದಿದ್ದಾರಮ್ಮ. ಆದ್ರೆ ಫೈಲಲ್ಲಿ ಎಕ್ಸ್‌ರೇ ಇಲ್ಲ. ಅದಿಲ್ದೆ ಆದೇಶ ಹೊರಡಲ್ಲ.”

“ನೀವೇ ಇಟ್ಕೊಂಡ್ರಲ್ಲ ಅಣ್ಣ!”

“ನಾನು ಇಟ್ಕೊಂಡಿಲ್ಲಮ್ಮ.”

ಪೇಂಟರಕ್ಕನ ಕಣ್ಣು ಕಿಟಕಿಯಾಚೆ ಹೋಯಿತು. ಕಚೇರಿಯ ಕಾಂಪೌಂಡಿನ ಮೇಲೆ, ಹಸಿ ಹಸಿ ಕಪ್ಪು ಬಣ್ಣದಲ್ಲಿ, ‘ಕಸ ಹಾಕಬೇಡಿ’, ‘ಕಸ ಹಾಕಬೇಡಿ’, ‘ಕಸ ಹಾಕಬೇಡಿ’. ಮೂರಕ್ಕೂ ಬಾಲ!

“ಅಣ್ಣ, ನಮ್ಮ ಎಕ್ಸ್‌ರೇ!” ಎಂದು ಅವನ ತೋಳು ಹಿಡಿದು, ಫೈಲಿನ ಸಮೇತ ಹೊರಗೆ ಎಳೆದುಕೊಂಡು ಹೋದಳು.

ಗುಮಾಸ್ತ ಗೋಡೆ ನೋಡಿ ಹಣೆ ಚಚ್ಚಿಕೊಂಡ. “ಅಯ್ಯೋ, ನಮ್ಮ ವಾಚ್‌ಮನ್ ಕೆಲಸ! ನಾಳೆ ಮೇಲಿನವರು ಬರ್ತಾರೆ, ಗೋಡೆ ನೀಟು ಮಾಡು ಅಂದಿದ್ದೆ. ಎಲ್ಲೋ ಅವನ ಹತ್ರಾನೇ ಇರುತ್ತೆ, ತರಿಸಿ ಫೈಲಿಗೆ ಸೇರಿಸ್ತೀನಿ. ಇವತ್ತೇ ಸಹಿ ಹಾಕಿಸಿಬಿಡೋಣ.” ಅವಳಿಗೆ ಅಲ್ಲೇ ಅಳು ಬಂತು. ಗುಮಾಸ್ತ ಗೋಡೆಯನ್ನೇ ನೋಡುತ್ತಾ ಸುಮ್ಮನೆ ಅಂದ: “ಆದ್ರೂ ಅಕ್ಷರ ಎಷ್ಟು ಚೆನ್ನಾಗಿದೆ. ಅಚ್ಚು ಅಂತ ಅನ್ಸೋದೇ ಇಲ್ಲ.”

ಪೇಂಟರು ಗೋಡೆಯ ಹತ್ತಿರ ಹೋದ. ಸೊಟ್ಟ ಬೆರಳಿನಿಂದ ಆ ಬಾಲವನ್ನು ಮುಟ್ಟಿದ.

“ನಮ್ಮನೆಯವಳದ್ದು,” ಅಂದ. “ಇಪ್ಪತ್ತೆರಡು ವರ್ಷ ಬರೆದಿದೀನಿ ಸಾರ್, ನನಗೆ ಈ ತಿರುವು ಬಂದಿಲ್ಲ. ಆ ಬಾಲ ನೋಡಿ. ಅದಿಲ್ದಿದ್ರೆ ‘ಬೇ’ಗೆ ಜೀವಾನೇ ಇರ್ತಿರ್ಲಿಲ್ಲ.”

ಮದುವೆಯಾದಾಗಿನಿಂದ ಗಂಡನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಅವನ ಬಾಯಿ ಮುಚ್ಚಿಸಬೇಕಾಗಿದ್ದ ಹೊತ್ತನ್ನು ಪೇಂಟರಕ್ಕ ಅದನ್ನು ಕೇಳಿಸಿಕೊಳ್ಳುವುದರಲ್ಲೇ ಕಳೆದುಬಿಟ್ಟಳು.

“ಇದೊಂದೇ ಅಲ್ಲ ಸಾರ್,” ಪೇಂಟರು ಎದೆಯುಬ್ಬಿಸಿ ಮುಂದುವರಿಸಿದ. “ಊರಲ್ಲಿ ಹನ್ನೆರಡು ಗೋಡೆ ಇವಳದ್ದೇ.”

“ಹೌದಾ? ದುಡ್ಡು ಕೊಡ್ತಾರಾ?”

“ಕೊಡ್ದೆ ಏನು? ಪುಕ್ಕಟೆ ಬರೆಯೋಕೆ ಇವಳೇನು ಸಾಮಾನ್ಯ ಕೆಲಸಗಾರ್ತಿನಾ?”

ಅವಳು ಚಿವುಟಿದಳು. ಆದರೆ ಚಿವುಟಿದ್ದು ಬಲಗೈಯನ್ನು. ಅದಕ್ಕೆ ಗೊತ್ತಾಗಲೇ ಇಲ್ಲ.

ಗುಮಾಸ್ತನ ನಗು ಮಡಚಿಕೊಂಡಿತು. ಅವನು ಫೈಲು ಬಿಡಿಸಿ ಹಳೆಯ ಅರ್ಜಿಯ ಪುಟ ತೆಗೆದ. ‘ಮನೆಯಲ್ಲಿ ದುಡಿಯುವ ಇತರರು’ ಎಂಬಲ್ಲಿ ‘ಯಾರೂ ಇಲ್ಲ’ ಎಂಬ ಅಕ್ಷರಗಳು ಇನ್ನೂ ಮುತ್ತಿನ ಹಾಗೆ ಹೊಳೆಯುತ್ತಿದ್ದವು. ಜೇಬಿನಿಂದ ಪೆನ್ನು ತೆಗೆದು, ಅವಳ ಮುಖ ನೋಡಲಾರದೆ, ಆ ಪುಟವನ್ನೇ ನೋಡಿದ.

“ಇಷ್ಟು ಚೆಂದದ ಅಕ್ಷರ ಹೊಡೆದು ಹಾಕೋಕೆ ಮನಸ್ಸೇ ಬರಲ್ಲಮ್ಮ,” ಅಂದ.

ಹಾಗಂದು, ಹೊಡೆದು ಹಾಕಿದ.