ತಿಪ್ಪೆ ತುಂಬಿಸುವ ಬಾಡಿಗೆದಾರರು ಬೇಕಾಗಿದ್ದಾರೆ

ನಮ್ಮ ಸೋದರತ್ತೆಯ ಮುಂದೆ ಬಂಗಾರ ತಂದಿಟ್ಟರೆ ಆಕಳಿಸುತ್ತಾರೆ. ಕುಂಬಳಕಾಯಿ ಸಿಪ್ಪೆ ತಂದಿಟ್ಟರೆ ಎದ್ದು ಕೂರುತ್ತಾರೆ! ಜೆ.ಪಿ. ನಗರದಿಂದ ಅವರನ್ನು ನೋಡಲು ಹೋಗುವಾಗ ನಾನು ಹಣ್ಣು ಒಯ್ಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹಣ್ಣನ್ನು ನಾವೇ ತಿಂದು ಸಿಪ್ಪೆ ಒಯ್ಯುತ್ತೇವೆ. ಇಂಥ ನೆಂಟರು ನಿಮಗೂ ಇದ್ದಾರೆಯೇ?

ಉತ್ತರಹಳ್ಳಿಯಲ್ಲಿ ಅತ್ತೆ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಈಗ ಅಪಾರ್ಟ್‌ಮೆಂಟು. ಉಳಿದಿರುವುದು ಬಾಡಿಗೆ ಮನೆಗಳ ಒಂದು ಕಟ್ಟಡ, ಅದರ ಹಿಂದೆ ಅಂಗೈಯಗಲ ಹಿತ್ತಲು, ಹಿತ್ತಲ ಮೂಲೆಯಲ್ಲಿ ಒಂದು ತಿಪ್ಪೆ. ಸಿಪ್ಪೆ, ತರಗೆಲೆ, ಸಗಣಿ ಎಲ್ಲ ಅಲ್ಲಿ ಕೊಳೆತು ಗೊಬ್ಬರವಾಗಿ ಪಕ್ಕದ ಸೊಪ್ಪಿನ ಮಡಿಗೆ ಸೇರುತ್ತದೆ. ದೀಪಾವಳಿಯಲ್ಲಿ ಲೋಕವೆಲ್ಲ ಬಾಗಿಲಿಗೆ ದೀಪ ಇಟ್ಟರೆ ಅತ್ತೆಯ ಮೊದಲ ದೀಪ ತಿಪ್ಪೆಗೆ, ಅರಿಸಿನ, ಕುಂಕುಮ, ಚೆಂಡುಹೂವಿನ ಸಮೇತ!

ಅತ್ತೆ ಬಾಡಿಗೆದಾರರನ್ನು ಆರಿಸುವ ರೀತಿಯೇ ಬೇರೆ. ಒಮ್ಮೆ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಮನೆ ಕೇಳಿಕೊಂಡು ಬಂದರು. ಊರು, ಕೆಲಸ ಏನನ್ನೂ ವಿಚಾರಿಸದೆ ಅತ್ತೆ ಕೇಳಿದರು:

"ಮನೇಲಿ ಅಡಿಗೆ ಮಾಡ್ತೀರೋ, ಆರ್ಡರ್ ಮಾಡ್ತೀರೋ?"

"ಇಬ್ರೂ ಆಫೀಸಿಗೆ ಹೋಗ್ತೀವ್ರಿ. ಹೊರಗಿಂದನ ತರಸ್ತೀವಿ," ಎಂದ ಗಂಡ, ಪಾಪ, ಸತ್ಯಸಂಧ.

"ಹಂಗಾರೆ ನಮ್ಮನೆ ನಿಮಗೆ ಸರಿಹೋಗಲ್ಲ ಕಣಪ್ಪ."

ಹೆಂಡತಿ ಚುರುಕು. ಗಂಡನನ್ನು ಹಿಂದೆ ಸರಿಸಿ, "ದಿನಾ ಮೆಂತೆ ಪಲ್ಯ ಮಾಡ್ತೀನ್ರಿ ಅಜ್ಜಿ! ದಂಟು ಎಲ್ಲಾ ನಿಮಗ!" ಎಂದಳು. ಬೀಗದ ಕೈ ಆ ಕ್ಷಣವೇ ಕೈ ಬದಲಾಯಿಸಿತು. ಪಾಪ ಆ ಗಂಡ, ಈಗಲೂ ಮೆಂತೆ ತಿನ್ನುತ್ತಿದ್ದಾನೆ.

ನನ್ನ ತಂಗಿಯ ಮದುವೆ ಜಯನಗರದ ಛತ್ರದಲ್ಲಿ ನಡೆಯಿತು. ಫೋಟೋಗೆ ಎಲ್ಲರೂ ನಿಂತಿದ್ದಾರೆ, ಅತ್ತೆ ನಾಪತ್ತೆ! ಹುಡುಕಿದರೆ ಅಡಿಗೆಮನೆಯ ಹಿಂದೆ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂಜಲೆಲೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾರೆ. ಚೀಲ ಹೋಗಿ ಕೂತದ್ದು ಗಂಡಿನ ಕಡೆಯವರ ಹೊಸ ಕಾರಿನ ಡಿಕ್ಕಿಯಲ್ಲಿ! ಬೀಗರು ಮೂಗು ಮುಚ್ಚಿಕೊಂಡು, "ಏನಿದು ಅಮ್ಮಾ?" ಎಂದರು.

"ನೀವು ಉಂಡಿದ್ದೇ ಕಣಪ್ಪ. ಬೇರೇನಿಲ್ಲ."

ಬೀಗರು ಕೊನೆಗೆ ತಾವೇ ಕಾರು ಓಡಿಸಿಕೊಂಡು ಉತ್ತರಹಳ್ಳಿಗೆ ಚೀಲ ಮುಟ್ಟಿಸಿ ಬಂದರು.

ಕಳೆದ ತಿಂಗಳು ನಾನು ಅಲ್ಲಿದ್ದಾಗಲೇ ಅತ್ತೆಯ ಮಗ ಬಂದು, "ಅಮ್ಮ, ರೋಡಲ್ಲಿ ನಿಲ್ಲಿಸಿದ್ದಕ್ಕೆ ಕಾರೆಲ್ಲ ಗೀಚಿಬಿಟ್ಟಿದಾರೆ. ನಾಳೆ ಮೇಸ್ತ್ರಿ ಬರ್ತಾನೆ, ಕಾರು ನಿಲ್ಲಿಸೋಕೆ ಹಿತ್ತಲಿಗೆ ಕಾಂಕ್ರೀಟ್ ಹಾಕಿಸ್ತೀನಿ," ಎಂದ. ಇನ್ನು ಕುರುಕ್ಷೇತ್ರವೇ ಎಂದು ನಾನು ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಂಡೆ. ಅತ್ತೆ ಕೂಗಾಡಲಿಲ್ಲ. ಸೊಪ್ಪು ಬಿಡಿಸುತ್ತಲೇ ಹೇಳಿದರು:

"ಹಾಕಿಸ್ಕೊ ಮಗ. ಒಂದು ಚೀಲ ಮಣ್ಣು ಮಾತ್ರ ಎತ್ತಿಟ್ಟಿರು."

"ಯಾಕಮ್ಮ, ಹೂವಿನ ಪಾಟಿಗಾ?"

"ಅಲ್ಲ ಕಣೋ. ನಾಳೆ ನನ್ನ ಮಣ್ಣು ಮಾಡೋವಾಗ ಎಲ್ಲಾರೂ ಹಿಡಿ ಹಿಡಿ ಹಾಕ್ತಾರಲ್ಲ, ಅದು ನಮ್ಮ ಹೊಲದ್ದೇ ಆಗಿರ್ಲಿ. ಇನ್ನೆಲ್ಲೂ ಉಳಿದಿಲ್ವಲ್ಲ."

ಮಗ ಫೋನ್ ತೆಗೆದು, "ಮೇಸ್ತ್ರಿ, ನಾಳೆ ಬರ್ಬೇಡಿ. ನಾಡಿದ್ದೂ ಬೇಡ," ಎಂದ. ಆಮೇಲೆ ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋಗಿ ಬರಿಗಾಲಲ್ಲಿ ಸುಮ್ಮನೆ ನಿಂತ.

ಅತ್ತೆ ಕಿಟಕಿಯಿಂದ ಇಣುಕಿದರು. "ಹೆಂಗೂ ಅಲ್ಲೇ ನಿಂತಿದೀಯ, ತಿಪ್ಪೆ ಒಂಚೂರು ತಿರುವಿ ಹಾಕ್ಬಿಡು ಮಗ!"

ಮಗ ತೋಳಿನಿಂದ ಕಣ್ಣೊರೆಸಿಕೊಂಡು ಗುದ್ದಲಿ ಎತ್ತಿಕೊಂಡ.