ಹತ್ತಿರದಲ್ಲೊಂದು ಒಳ್ಳೆ ಹೋಟ್ಲು

ಊಟದ ಹಾಲ್‌ನ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಮೇಲೊಂದು ಚೀಟಿ. ಅದರ ಬರಹ ಓದಲು ಬಾರದಿದ್ದರೂ ಪಕ್ಕದಲ್ಲಿ ಬಿಡಿಸಿದ್ದ ಸುತ್ತಿಗೆಯ ಚಿತ್ರ ನೋಡಿ ಸೌಟಣ್ಣನಿಗೆ ವಿಷಯ ತಿಳಿಯಿತು. ರಿಪೇರಿ. ಅಂದರೆ ಈ ಪರದೇಶದಲ್ಲಿ ತಾವು ಇಳಿದುಕೊಂಡ ಕಟ್ಟಡದಲ್ಲಿ, ತಾವಿರುವ ಎಂಟು ದಿನವೂ ಊಟವಿಲ್ಲ.

ಸೌಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಮೂವತ್ತು ವರ್ಷ ಮದುವೆಮನೆಗಳಲ್ಲಿ ಅಡುಗೆ ಮಾಡಿದ್ದಕ್ಕೆ ಜನ ಕೊಟ್ಟ ಬಿರುದು. ವಿದೇಶ ಪ್ರವಾಸಕ್ಕೆ ಅವನು ಹೂಂ ಅಂದದ್ದೇ ಒಂದು ಆಸೆಗೆ. ಎಂಟು ದಿನ ಸೌಟು ಮುಟ್ಟಬಾರದು. ಯಾರೋ ಮಾಡಬೇಕು, ಯಾರೋ ಬಡಿಸಬೇಕು, ತಾನು ಕೂತು ಉಣ್ಣಬೇಕು, ಉಪ್ಪು ಕಡಿಮೆಯಾಗಿದೆ ಎಂದು ಮುಖ ಸಿಂಡರಿಸಬೇಕು. ಮೂವತ್ತು ವರ್ಷ ಬೇರೆಯವರ ಸಿಂಡರಿಸಿದ ಮುಖ ನೋಡಿದವನಿಗೆ ಅಷ್ಟೂ ಹಕ್ಕಿಲ್ಲವೇ? ವಿಮಾನ ಹತ್ತುವ ಮುಂಚೆಯೇ ಈ ಶಪಥವನ್ನು ಹೆಂಡತಿಗೂ ಜೊತೆಗೆ ಬಂದ ಭಾವಮೈದನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ್ದ.

ಭಾವಮೈದ ಇನ್ಶೂರೆನ್ಸ್ ಏಜೆಂಟ್. ಯಾರಿಗೆ ಯಾವ ಕಷ್ಟ ಬಂದರೂ ಅವನ ಹತ್ತಿರ ಒಂದು ಪ್ಲಾನ್ ಇರುತ್ತಿತ್ತು. ಚೀಟಿ ನೋಡಿದವನೇ ಅವನು ಖುಷಿಯಾಗಿಬಿಟ್ಟ.

"ಇದಕ್ಯಾಕೆ ಭಾವ ತಲೆ ಕೆಡಿಸ್ಕೋತೀರಿ? ಅಡುಗೆಯವರನ್ನ ಜೊತೇಲೇ ಕರ್ಕೊಂಡು ಬಂದಿದೀವಿ. ಒಂದು ಕರೆಂಟ್ ಒಲೆ ತಂದ್ರೆ ಮುಗೀತು."

ಸೌಟಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಪುಣ್ಯಕ್ಕೆ ಹೆಂಡತಿ ಅಡ್ಡ ಬಂದಳು.

"ಪಾಪ, ಅವರನ್ನ ಬಿಡೋ. ರೀ, ಹತ್ತಿರದಲ್ಲೇ ಒಂದು ಒಳ್ಳೆ ಹೋಟ್ಲು ನೋಡ್ಕೊಂಡು ಬನ್ನಿ. ಹಾಗೇ ಅಂಗಡಿ ಕಂಡ್ರೆ ನನಗೊಂದು ಬಾಚಣಿಗೆ. ಮನೇಲೇ ಬಿಟ್ಟು ಬಂದೆ."

ಭಾವಮೈದ ಗಡಿಯಾರ ನೋಡಿ ಒಂದು ಗಂಟೆಯವರೆಗೆ ವಾಯಿದೆ ಕೊಟ್ಟ. ಅಷ್ಟರೊಳಗೆ ಹೋಟ್ಲು ಸಿಗದಿದ್ದರೆ ಒಲೆ. ಸೌಟಣ್ಣ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ.

ನಮ್ಮಲ್ಲಿ ಹೋಟ್ಲು ಎಂದರೆ ಹೊಟ್ಟೆ ತುಂಬುವ ಜಾಗ. ಆ ಊರಿನಲ್ಲಿ ಹೋಟೆಲ್ ಎಂದರೆ ಮಲಗುವ ಜಾಗ. ಈ ವ್ಯತ್ಯಾಸವನ್ನು ಸೌಟಣ್ಣನಿಗೆ ಯಾರೂ ಹೇಳಿರಲಿಲ್ಲ. ಮದುವೆ ಹಾಲ್‌ನ ಮ್ಯಾನೇಜರುಗಳಿಂದ ಕಲಿತ ಇಂಗ್ಲಿಷಿನ ಮೂವತ್ತು ಮಾತುಗಳಲ್ಲಿ ಮೂರನ್ನು ಆರಿಸಿಕೊಂಡು ಕೌಂಟರಿನ ಹುಡುಗಿಯನ್ನು ಕೇಳಿದ. ಗುಡ್ ಹೋಟೆಲ್, ನಿಯರ್?

ಹುಡುಗಿಯ ಮುಖ ಬಾಡಿತು. ಈ ಹೋಟೆಲ್ ಚೆನ್ನಾಗಿಲ್ಲವೇ ಎಂದು ಅವಳು ಕೇಳಿದಳು. ಮುಚ್ಚಿದ ಊಟದ ಹಾಲ್‌ನ ಕಡೆ ಕೈ ತೋರಿಸಿ ಅವನು ಪ್ರಾಮಾಣಿಕವಾಗಿ ಹೇಳಿದ: ನೋ ಗುಡ್. ಅವಳು ಒಳಗೆ ಓಡಿದಳು. ಮ್ಯಾನೇಜರ್ ಬಂದ. ಕೋಟು ಟೈ ಹಾಕಿದ ದೊಡ್ಡ ಮನುಷ್ಯ ಎದೆಯ ಮೇಲೆ ಕೈಯಿಟ್ಟು ಏನೇನೋ ಬೇಡಿಕೊಂಡ. ಒಂದು ಊಟದ ವಿಷಯಕ್ಕೆ ಇಷ್ಟೊಂದು ವಿನಯವೇ ಎಂದು ಸೌಟಣ್ಣನಿಗೆ ಈ ದೇಶದ ಮೇಲೆ ಗೌರವ ಬಂತು. ಆದರೂ ಬಿಡದೆ ಗುಡ್ ಹೋಟೆಲ್ ಎಂದೇ ಜಪಿಸಿದ. ಕೊನೆಗೆ ಮ್ಯಾನೇಜರ್ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಹಾಗೆ ನಿಟ್ಟುಸಿರು ಬಿಟ್ಟು ಬೀದಿಯ ತುದಿಯ ಎತ್ತರದ ಕಟ್ಟಡ ತೋರಿಸಿದ.

ಅಲ್ಲಿ ಅವನನ್ನು ಲಿಫ್ಟಿನಲ್ಲಿ ಐದನೇ ಮಹಡಿಗೆ ಕರೆದೊಯ್ದು ಒಂದು ಹಾಸಿಗೆ ತೋರಿಸಿದರು. ಊಟ ಇಲ್ಲಿಗೇ ತರುತ್ತಾರೇನೋ ಎಂದುಕೊಂಡು ಅವನು ಹಾಸಿಗೆಯ ಅಂಚಿನಲ್ಲಿ ಕೂತ. ಅವರು ದಿಂಬು ಒತ್ತಿ ತೋರಿಸಿದರು. ಅವನೂ ಮರ್ಯಾದೆಗೆ ಒತ್ತಿದ. ಎಷ್ಟು ಜನ ಎಂದು ಕೇಳಿದಾಗ ಮೂರು ಬೆರಳೆತ್ತಿದ. ಎಷ್ಟು ರಾತ್ರಿ ಎಂದಾಗ ಮಾತ್ರ ಗಾಬರಿಯಾಗಿ, ರಾತ್ರಿ ಬೇಡ, ಮಧ್ಯಾಹ್ನ ಸಾಕು, ಒಂದೇ ಗಂಟೆ ಎಂದು ಬಿಡಿಸಿ ಹೇಳಿದ. ಹಾಸಿಗೆ ತೋರಿಸಲು ಬಂದಿದ್ದವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೀದಿಯವರೆಗೆ ಬಿಟ್ಟು ಹೋದ.

ಮುಂದಿನ ಬೀದಿಯ ಹೋಟೆಲಿನಲ್ಲೂ ಇದೇ ಕತೆ, ಹಾಸಿಗೆಯ ಬಣ್ಣ ಮಾತ್ರ ಬೇರೆ. ಅಷ್ಟು ಹೊತ್ತಿಗೆ ಹನ್ನೆರಡಾಯಿತು. ಊರು ತುಂಬ ಹಾಸಿಗೆ, ಒಂದೂ ಎಲೆಯಿಲ್ಲ ತಟ್ಟೆಯಿಲ್ಲ. ಇಲ್ಲಿಯ ಜನ ನಿದ್ದೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೇನೋ ಎಂದು ಅವನಿಗೆ ಅನುಮಾನ ಬಂತು. ಕೊನೇಪಕ್ಷ ಬಾಚಣಿಗೆಯಾದರೂ ಆಗಲಿ ಎಂದು ಪೊರಕೆ, ಬಕೆಟ್ಟು ತೂಗುಹಾಕಿದ್ದ ಅಂಗಡಿಗೆ ನುಗ್ಗಿದ.

ಅಂಗಡಿಯ ಮುದುಕಿಗೆ ಮೂವತ್ತು ಮಾತಿನಲ್ಲಿ ಒಂದೂ ತಿಳಿಯಲಿಲ್ಲ. ಸೌಟಣ್ಣ ಬೆರಳುಗಳಿಂದ ತನ್ನ ತಲೆ ಬಾಚಿ ತೋರಿಸಿದ. ಮುದುಕಿ ಆ ತಲೆಯ ಮೇಲೆ ಉಳಿದಿದ್ದನ್ನು ಮರುಕದಿಂದ ನೋಡಿ, ಅವನ ಕೈ ಹಿಡಿದು ಪಕ್ಕದ ಬಾಗಿಲಿಗೆ ಕರೆದೊಯ್ದು ಒಂದು ಕುರ್ಚಿಯಲ್ಲಿ ಕೂರಿಸಿದಳು. ಕತ್ತಿಗೆ ಬಿಳಿ ಬಟ್ಟೆ ಬಿದ್ದ ಮೇಲೆಯೇ ಅದು ಕ್ಷೌರದ ಅಂಗಡಿ ಎಂದು ಅವನಿಗೆ ಗೊತ್ತಾದದ್ದು. ಕತ್ತರಿ ಆಗಲೇ ಆಡತೊಡಗಿತ್ತು.

ಹೋಗಲಿ, ಕೂದಲು ಬೆಳೆಯುತ್ತದೆ. ಹೊಟ್ಟೆ ಕೇಳಬೇಕಲ್ಲ. ಐದು ಬೆರಳನ್ನೂ ಒಟ್ಟುಮಾಡಿ ಬಾಯಿಯ ಹತ್ತಿರ ಒಯ್ದು ಊಟ ಎಂದು ಸನ್ನೆ ಮಾಡಿದ. ಕ್ಷೌರಿಕ ಅರ್ಥವಾಯಿತು ಎಂಬಂತೆ ಜೋರಾಗಿ ತಲೆಯಾಡಿಸಿದ. ಅಂತೂ ಒಬ್ಬನಿಗಾದರೂ ತಿಳಿಯಿತು ಎಂದು ಸೌಟಣ್ಣ ನೆಮ್ಮದಿಯಿಂದ ಕಣ್ಣು ಮುಚ್ಚಿದ. ಮೂಗಿನ ಕೆಳಗೆ ತಣ್ಣಗೆ ನೊರೆ ತಾಗಿತು. ಕಣ್ಣು ಬಿಡುವಷ್ಟರಲ್ಲಿ ಮೂವತ್ತು ವರ್ಷ ಹಬೆಯಲ್ಲಿ ಬೆಂದು ಬೆಳೆದ ಮೀಸೆ ಬಟ್ಟೆಯ ಮೇಲೆ ಬಿದ್ದಿತ್ತು. ಕನ್ನಡಿಯಲ್ಲಿ ಯಾವನೋ ಗುರುತಿಲ್ಲದವನು ಬಾಯಿ ತೆರೆದುಕೊಂಡು ಕೂತಿದ್ದ.

ಸೌಟಣ್ಣನಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಅವನ ಹೊಟ್ಟೆ ಗೊಟರ್ ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿತು. ಆ ಭಾಷೆ ಯಾವ ದೇಶದವರಿಗೂ ಅರ್ಥವಾಗುತ್ತದೆ. ಕ್ಷೌರಿಕ ಹಣೆ ಚಚ್ಚಿಕೊಂಡು ನಕ್ಕ, ಹೊರಗೆ ಕರೆದು ಎದುರಿನ ಹಸಿರು ಬಾಗಿಲು ತೋರಿಸಿದ, ಹೋದ ಮೀಸೆಗೆ ಪರಿಹಾರ ಎಂಬಂತೆ ಒಂದು ಬಾಚಣಿಗೆಯನ್ನೂ ಜೇಬಿಗೆ ಹಾಕಿದ.

ಹಸಿರು ಬಾಗಿಲಿನ ಹಿಂದೆ ಐದು ಮೇಜು. ಬಿಸಿ ಅನ್ನದ ವಾಸನೆ. ಸೌಟಣ್ಣ ಅಡುಗೆಮನೆಗೇ ಇಣುಕಿದ. ಎಣ್ಣೆ ಹೊಸದು, ಪಾತ್ರೆ ಚೊಕ್ಕಟ, ಒಬ್ಬ ಹೆಂಗಸು ಗಜ್ಜರಿಯನ್ನು ಒಂದೇ ಅಳತೆಗೆ ಹೆಚ್ಚುತ್ತಿದ್ದಳು. ನೋಡಿ ಅವನ ಕಣ್ಣು ತುಂಬಿತು. ಮೂರು ಬೆರಳೆತ್ತಿದ. ಅವಳು ಮೂರು ಕುರ್ಚಿ ಎಳೆದು ತೋರಿಸಿದಳು, ಹಾಸಿಗೆಯ ಮಾತೆತ್ತಲಿಲ್ಲ. ಹೋದ ಜೀವ ಬಂದಂತಾಯಿತು. ಗಂಟೆ ಹನ್ನೆರಡೂವರೆ. ಶಪಥ ಉಳಿಯಿತು, ಮೀಸೆ ಹೋದರೆ ಹೋಯಿತು ಎಂದುಕೊಂಡು ಓಡುತ್ತ ಬಂದ.

ಕೌಂಟರಿನ ಹುಡುಗಿ ಮೀಸೆಯಿಲ್ಲದ ಅವನನ್ನು ಎರಡು ಸಲ ನೋಡಿ ಗುರುತು ಹಿಡಿದು, ಲಿಫ್ಟಿನಲ್ಲಿ ಮೇಲಿನ ಕೊನೆಯ ಮಹಡಿಗೆ ಕರೆದೊಯ್ದಳು. ಅಲ್ಲಿ ಒಂದು ಭಾರೀ ಕೋಣೆ. ಸೋಫಾ, ಕಿಟಕಿ, ಬಾಲ್ಕನಿ. ಒಳಗೆ ತಮ್ಮ ಪೆಟ್ಟಿಗೆಗಳು. ಬಾಗಿಲಲ್ಲಿ ಹಲ್ಲು ಕಿರಿಯುತ್ತ ಭಾವಮೈದ.

"ಭಾವ, ಇಲ್ಲಿ ಹೋಟ್ಲು ಅಂದ್ರೆ ರೂಮಂತೆ. ನೀವು ಬೇರೆ ಹೋಟ್ಲಿಗೆ ಹೊರಟ್ರಿ ಅಂತ ಮ್ಯಾನೇಜರ್ ಹೆದರಿಬಿಟ್ಟಿದಾನೆ. ಊಟಕ್ಕೆ ತೊಂದ್ರೆ ಆಗಿದ್ದಕ್ಕೆ ಅದೇ ಬಾಡಿಗೆಗೆ ಇದನ್ನ ಕೊಟ್ಟ. ಒಳಗೆ ನೋಡಿ, ಅಡುಗೆಮನೇನೂ ಇದೆ."

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ, ಒಳಗೆ ನಾಲ್ಕು ಉರಿಯ ಒಲೆಯೊಂದು ಕೂತಿತ್ತು. ಪಕ್ಕದಲ್ಲಿ ಪಾತ್ರೆಗಳು. ಭಾವಮೈದ ಆಗಲೇ ಹಿಂದಿನ ಬೀದಿಗೆ ಹೋಗಿ ಅಕ್ಕಿ, ಬೇಳೆ, ತರಕಾರಿ, ಎಣ್ಣೆ ಎಲ್ಲ ಹೊತ್ತು ತಂದಿದ್ದ. ಸೌಟಣ್ಣ ಹಸಿರು ಬಾಗಿಲಿನ ಕತೆ ಹೇಳಿ ಗೋಗರೆದ. ತಂದ ತರಕಾರಿ ಬಾಡಿಸುವುದೇ ಎಂದು ಭಾವಮೈದ ವಾದಕ್ಕೆ ನಿಂತ. ಮತ್ತೆ ಹೆಂಡತಿಯೇ ಕಾಪಾಡಿದಳು.

"ನೀವು ಸೌಟು ಮುಟ್ಟಲ್ಲ ಅಂದಿದೀರಿ, ಮುಟ್ಬೇಡಿ. ನಾನೇ ಮಾಡ್ತೀನಿ. ಮೀಸೆ ಬೇರೆ ಕಳ್ಕೊಂಡಿದೀರಿ, ಹೋಗಿ ಕೂತ್ಕೊಳ್ಳಿ."

ಸೌಟಣ್ಣ ಸೋಫಾದಲ್ಲಿ ಕಾಲು ಚಾಚಿ ಉಸ್ಸಪ್ಪಾ ಎಂದ. ಯಾರೋ ಮಾಡುತ್ತಾರೆ, ತಾನು ಉಣ್ಣುತ್ತೇನೆ. ಇದಕ್ಕೇ ಅಲ್ಲವೇ ಸಮುದ್ರ ದಾಟಿ ಬಂದದ್ದು.

ಒಳಗಿಂದ ಈರುಳ್ಳಿ ಹೆಚ್ಚುವ ಸದ್ದು ಬಂತು. ಟಕ್. ಆಮೇಲೆ ತುಂಬ ಹೊತ್ತು ಬಿಟ್ಟು ಇನ್ನೊಂದು ಟಕ್. ಈರುಳ್ಳಿಯೋ ಸೌದೆಯೋ? ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಎಣ್ಣೆ ಕಾಯುವ ಮುಂಚೆಯೇ ಅವಳು ಈರುಳ್ಳಿ ಸುರಿದಳು. ಚುಂಯ್ ಎನ್ನಬೇಕಾದದ್ದು ತೆಪ್ಪಗೆ ಬಿದ್ದುಕೊಂಡಿತು. ಸೌಟಣ್ಣನ ಬೆರಳುಗಳು ಸೋಫಾ ಹಿಡಿದುಕೊಂಡವು. ಅಕ್ಕಿಗೆ ನೀರು ಸುರಿದ ಸದ್ದು ಬಂತು, ಬರುತ್ತಲೇ ಇತ್ತು, ನಿಲ್ಲಲಿಲ್ಲ.

"ಅಯ್ಯೋ, ಸಾಕು ನಿಲ್ಸೇ," ಎನ್ನುತ್ತ ಅವನು ಎದ್ದು ಒಳಗೆ ಹೋದ. ಅವಳ ಕೈಯಿಂದ ಅಕ್ಕಿಯ ಪಾತ್ರೆ ಕಿತ್ತುಕೊಂಡ.

ಒಂದೂಕಾಲಕ್ಕೆ ಊಟ ಸಿದ್ಧವಾಯಿತು. ಮನೆಮಟ್ಟದ ಸಣ್ಣ ಅಡುಗೆಗೆ ಕೈ ಬಗ್ಗದವನು ಎಂದು ಊರಲ್ಲಿ ಆಡಿಕೊಳ್ಳುವವರು ಆ ಊಟ ಉಂಡಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಭಾವಮೈದ ಮೂರು ಸಲ ಬಡಿಸಿಕೊಂಡ. ಊಟದ ಮೇಲೆ ಅಕ್ಕನ ಜೊತೆ ಬಾಲ್ಕನಿಗೆ ಬಂದು, ಹೊಟ್ಟೆ ಸವರಿಕೊಳ್ಳುತ್ತ ಮೆಲ್ಲಗೆ ಕೇಳಿದ.

"ಅಲ್ಲಕ್ಕ, ಮನೇಲಿ ದಿನಾ ನೀನೇ ಅಲ್ವಾ ಅಡುಗೆ ಮಾಡೋದು? ನಿನ್ನ ಕೈರುಚಿ ನನಗೆ ಗೊತ್ತಿಲ್ವಾ? ಇವತ್ತೇನಾಗಿತ್ತು ನಿನಗೆ?"

ಅಕ್ಕ ಒಳಗೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದಳು.

"ಊರಿಗೆಲ್ಲ ಮಾಡಿ ಹಾಕಿ ಸುಸ್ತಾಗಿದೆ ಅಂತ ಮೂವತ್ತು ವರ್ಷದಲ್ಲಿ ಮನೇಲಿ ಒಂದು ದಿನ ಸೌಟು ಹಿಡಿದಿಲ್ಲ ನಿಮ್ಮ ಭಾವ. ರಜ ಅವರೊಬ್ಬರಿಗೇನಾ? ನಾಳೆ ಬೇಳೆ ಸೀದಿಸೋಣ ಅಂತಿದೀನಿ."

ಅದರ ಅಗತ್ಯ ಬೀಳಲಿಲ್ಲ. ಅಡುಗೆಮನೆಯಿಂದ ಪಾತ್ರೆ ಉಜ್ಜುವ ಸದ್ದಿನ ನಡುವೆ ಸೌಟಣ್ಣನ ಗುಡುಗು ಕೇಳಿಸಿತು.

"ಇಲ್ನೋಡೇ, ಈಗ್ಲೇ ಹೇಳಿರ್ತೀನಿ. ಊರಿಗೆ ಹೋಗೋವರೆಗೂ ನೀನು ಈ ಒಲೆ ಹತ್ತಿರ ಕಾಲಿಡಕೂಡ್ದು."

"ಆಯ್ತು ರೀ," ಎಂದು ಹೆಂಡತಿ ತುಂಬ ವಿಧೇಯಳಾಗಿ ಹೇಳಿ, ಬಾಲ್ಕನಿಯ ಕುರ್ಚಿಯಲ್ಲಿ ಉಸ್ಸಪ್ಪಾ ಎಂದು ಕಾಲು ಚಾಚಿದಳು.